ಸಾಂಬ್ರಾದಿಂದ ಎದ್ದು ಖಾನಾಪುರದ ಕಾಡಿನ ಮೇಲೆ ಹಾರಿದ ಆ ‘ಹೊಸ ವಿಮಾನ’ ನಿಜವೇ?

ಒಂದು ವಿಡಿಯೊ ನಿಮ್ಮ ಫೋನಿಗೆ ಬಂತು ಎಂದುಕೊಳ್ಳಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇ. ಅದರ ಮೇಲೆ ನೀವು ಎಂದೂ ನೋಡಿರದ ಒಂದು ಪ್ರಯಾಣಿಕ ವಿಮಾನ, ಬಾಲದ ಮೇಲೆ ತ್ರಿವರ್ಣ. ಅದು ಓಡುತ್ತದೆ, ಮೇಲೇಳುತ್ತದೆ, ಬೆಳಗಾವಿ ನಗರವನ್ನು ದಾಟಿ ಎಡಕ್ಕೆ ತಿರುಗುತ್ತದೆ. ಕೆಳಗೆ ರೈಲು ಹಳಿ, ಮಲಪ್ರಭಾ ಹೊಳೆ, ಖಾನಾಪುರದ ಕಾಡು. ಜೊತೆಗೆ ಎರಡು ಸಾಲು: ‘ಭಾರತದ ಸ್ವಂತ 90 ಸೀಟಿನ ವಿಮಾನ ಬೆಳಗಾವಿಯಿಂದ ಮೊದಲ ಹಾರಾಟ! ಯಾವ ಟಿವಿಯವರೂ ತೋರಿಸುವುದಿಲ್ಲ, ಹೆಮ್ಮೆಯಿದ್ದರೆ ಹಂಚಿ.’

ಈ ಸಂದೇಶವನ್ನು ಉದಾಹರಣೆಗಾಗಿ ನಾವೇ ಕಲ್ಪಿಸಿಕೊಂಡಿದ್ದೇವೆ. ಆದರೆ ಇಂಥ ವಿಡಿಯೊ ಮಾಡುವುದು ಇವತ್ತು ಕಷ್ಟವಲ್ಲ. ಒಳ್ಳೆಯ ಕಂಪ್ಯೂಟರ್, ಒಂದು ಫ್ಲೈಟ್ ಸಿಮ್ಯುಲೇಟರ್, ಕೆಲವು ವಾರಗಳ ಬಿಡುವು ಇದ್ದರೆ ಸಾಕು. ಜಗತ್ತಿನಲ್ಲಿ ಎಂದೂ ತಯಾರಾಗದ ವಿಮಾನಗಳನ್ನು ಹೀಗೆ ಪರದೆಯ ಮೇಲೆ ಕಟ್ಟಿ ಹಾರಿಸುವ ಹವ್ಯಾಸಿಗಳು ಸಾವಿರಾರು ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಯಾರನ್ನೂ ಮೋಸ ಮಾಡಲು ಹೊರಟವರಲ್ಲ. ‘ಇದು ಸಿಮ್ಯುಲೇಟರ್’ ಎಂದು ವಿಡಿಯೊದ ಕೆಳಗೆ ಬರೆದೇ ಹಾಕುತ್ತಾರೆ. ಆ ಸಾಲನ್ನು ಕತ್ತರಿಸಿ ಮುಂದಕ್ಕೆ ಕಳಿಸುವವರು ಬೇರೆಯವರು.

ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಭಾರತದಲ್ಲಿ ವಿನ್ಯಾಸಗೊಂಡ 70ರಿಂದ 90 ಸೀಟಿನ ಯಾವ ಪ್ರಯಾಣಿಕ ವಿಮಾನವೂ ಈವರೆಗೆ ಹಾರಿಲ್ಲ, ಸಾಂಬ್ರಾದಿಂದಲೂ ಇಲ್ಲ, ಬೆಂಗಳೂರಿನಿಂದಲೂ ಇಲ್ಲ. ಇನ್ನು ‘ಸಿಮ್ಯುಲೇಟರ್‌ನಲ್ಲಿ ಅಷ್ಟು ಚೆನ್ನಾಗಿ ಹಾರುತ್ತದೆ ಅಂದಮೇಲೆ ನಿಜಕ್ಕೂ ಹಾರಬೇಕಲ್ಲ?’ ಎಂಬ ಪ್ರಶ್ನೆ. ಇದಕ್ಕೆ ಉತ್ತರಿಸಬೇಕಾದರೆ ಆ ವಿಮಾನವನ್ನು ಒಳಗೆ ಹೇಗೆ ಕಟ್ಟುತ್ತಾರೆ ಎಂಬುದನ್ನು ನೋಡಬೇಕು.

ನೆಲ ನಿಜ, ವಿಮಾನ ಮಾತ್ರ ಅಲ್ಲ

ಜನ ನಂಬುವುದಕ್ಕೆ ಮುಖ್ಯ ಕಾರಣ ವಿಮಾನವಲ್ಲ, ಕೆಳಗಿನ ಊರು. ‘ಅದು ನಮ್ಮ ಸಾಂಬ್ರಾನೇ, ಅದು ನಮ್ಮ ಹೊಳೆಯೇ’ ಎಂದು ಗುರುತು ಸಿಕ್ಕ ಕೂಡಲೇ ಉಳಿದದ್ದನ್ನೂ ಮನಸ್ಸು ಒಪ್ಪಿಕೊಳ್ಳುತ್ತದೆ.

2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇಡೀ ಭೂಮಿಯನ್ನು ಉಪಗ್ರಹ ಚಿತ್ರ ಮತ್ತು ನಕ್ಷೆಗಳಿಂದ ಕಟ್ಟುತ್ತದೆ. ಹೀಗಾಗಿ ಬೆಳಗಾವಿ ಮತ್ತು ಖಾನಾಪುರದ ರಸ್ತೆ, ಹೊಳೆ, ಗದ್ದೆ, ಕಾಡಿನ ಅಂಚು ಎಲ್ಲವೂ ಸರಿಯಾದ ಜಾಗದಲ್ಲೇ ಇರುತ್ತವೆ. ಬೆಟ್ಟಗಳ ಎತ್ತರವೂ ಸುಮಾರಾಗಿ ಸರಿ. ಆದರೆ ಹೆಚ್ಚಿನ ಊರುಗಳಲ್ಲಿ ಮನೆಗಳು ಮಾತ್ರ ನಿಜವಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲ್ಲಿ ಕಟ್ಟಡವಿದೆ ಎಂದು ತಂತ್ರಾಂಶ ಗುರುತಿಸಿ, ಅಲ್ಲಿ ತನ್ನ ಸಂಗ್ರಹದ ಯಾವುದೋ ಒಂದು ಮನೆಯನ್ನು ನಿಲ್ಲಿಸುತ್ತದೆ. ಇದರಿಂದ ಆದ ಒಂದು ತಮಾಷೆ ಆ ದಿನಗಳಲ್ಲಿ ಸುದ್ದಿಯಾಗಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಂದು ಬಡಾವಣೆಯಲ್ಲಿ ಆಕಾಶ ಮುಟ್ಟುವ ಸೂಜಿಯಂಥ ಗೋಪುರ ಸಿಮ್ಯುಲೇಟರ್‌ನಲ್ಲಿ ಎದ್ದು ನಿಂತಿತ್ತು. ಸಾರ್ವಜನಿಕ ನಕ್ಷೆಯೊಂದರಲ್ಲಿ ಯಾರೋ 2 ಮಹಡಿ ಎಂದು ಬರೆಯುವ ಬದಲು 212 ಎಂದು ಟೈಪ್ ಮಾಡಿದ್ದರು. ಕಂಪ್ಯೂಟರ್ ಮರುಪ್ರಶ್ನೆ ಕೇಳದೆ 212 ಮಹಡಿ ಕಟ್ಟಿತು.

ಹಾಗಾಗಿ ಖಾನಾಪುರದ ವಿಡಿಯೊ ನಿಜವೋ ಅಲ್ಲವೋ ಎಂದು ಹೇಳಲು ದೆಹಲಿಯ ತಜ್ಞರಿಗಿಂತ ಖಾನಾಪುರದವರೇ ಸೂಕ್ತ. ಬಸ್ ನಿಲ್ದಾಣದ ಪಕ್ಕದ ಕಟ್ಟಡ ಅದೇ ಇದೆಯೇ? ನಿಮಗೆ ಗೊತ್ತಿರುವ ಗುಡಿಯ ಶಿಖರ, ಚರ್ಚಿನ ಗೋಪುರ, ಹೆಂಚಿನ ಮನೆಗಳ ಸಾಲು ಕಾಣುತ್ತಿವೆಯೇ, ಅಥವಾ ಯಾವುದೋ ದೇಶದ ಡಬ್ಬಿ ಆಕಾರದ ಮನೆಗಳೇ? ಹೊಳೆ ಸರಿಯಾಗಿದ್ದು ಮನೆಗಳು ಅಪರಿಚಿತವಾಗಿದ್ದರೆ ಅದು ಸಿಮ್ಯುಲೇಟರ್ ಎಂಬುದಕ್ಕೆ ಬಲವಾದ ಸುಳಿವು.

ಕಾಗದದಿಂದ ಪರದೆಗೆ

ಕಟ್ಟದೇ ಉಳಿದ ವಿಮಾನವೊಂದನ್ನು ಹವ್ಯಾಸಿಯೊಬ್ಬ ಎಲ್ಲಿಂದ ಶುರುಮಾಡುತ್ತಾನೆ? ಸಾಮಾನ್ಯವಾಗಿ ಮೂರು ಚಿತ್ರಗಳಿಂದ: ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಕಾಣುವ ರೇಖಾಚಿತ್ರ. ಕಂಪನಿಗಳ ಹಳೆಯ ಪ್ರಚಾರ ಪುಸ್ತಿಕೆ, ಪೇಟೆಂಟ್ ಕಚೇರಿಗಳ ದಾಖಲೆ, ನಾಸಾ ಉಚಿತವಾಗಿ ಇಟ್ಟಿರುವ ತಾಂತ್ರಿಕ ವರದಿಗಳು, ವಿಮಾನ ಪ್ರದರ್ಶನದಲ್ಲಿ ಇಟ್ಟ ಗಾಜಿನ ಪೆಟ್ಟಿಗೆಯ ಮಾದರಿಯ ಫೋಟೊ, ಇವೆಲ್ಲ ಮೂಲ ಸಾಮಗ್ರಿ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಚಿತ್ರಗಳನ್ನು ಹಿನ್ನೆಲೆಗೆ ಇಟ್ಟು, ಅದರ ಮೇಲೆ ವಿಮಾನದ ಹೊರಮೈಯನ್ನು ತುಂಡುತುಂಡಾಗಿ ಎಳೆಯುತ್ತಾರೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕಕ್ಕೆ ಮೊದಲು ಪ್ಯಾಟರ್ನ್ ಮಾಡುವವರಿಗೆ ಈ ಕೆಲಸ ಅರ್ಥವಾದೀತು: ಆಕಾರ ಮಾತ್ರ ಇದೆ, ಲೋಹ ಇನ್ನೂ ಇಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿ ಲೋಹ ಬರುವುದೇ ಇಲ್ಲ.

ಕಾಕ್‌ಪಿಟ್ ಹೇಗಿತ್ತು ಎಂಬ ಚಿತ್ರ ಬಹುತೇಕ ಸಿಗುವುದಿಲ್ಲ. ಆದ್ದರಿಂದ ಅದೇ ಕಾಲದ ಇನ್ನೊಂದು ವಿಮಾನದ ಕಾಕ್‌ಪಿಟ್ ಎರವಲು ತರುತ್ತಾರೆ. ಎಂಜಿನ್ ಶಬ್ದವೂ ಎರವಲು. ಕೊನೆಗೆ ಬಣ್ಣ. ಇದು ಒಂದು ಚಿತ್ರದ ಫೈಲ್ ಅಷ್ಟೇ. ಅದೇ ವಿಮಾನಕ್ಕೆ ಬೆಳಿಗ್ಗೆ ಏರ್ ಇಂಡಿಯಾ ಬಣ್ಣ, ಸಂಜೆ ಬೇರೆ ಕಂಪನಿಯ ಬಣ್ಣ ಹಚ್ಚಬಹುದು. ಬಾಲದ ಮೇಲಿನ ತ್ರಿವರ್ಣಕ್ಕೆ ಬೇಕಾಗುವುದು ಹತ್ತು ನಿಮಿಷ.

ಹೀಗೆ ಮರುಜೀವ ಪಡೆದ ವಿಮಾನಗಳಲ್ಲಿ ಪ್ರಸಿದ್ಧವಾದದ್ದು ಬೋಯಿಂಗ್ 2707. ಕಾಂಕಾರ್ಡ್‌ಗೆ ಉತ್ತರವಾಗಿ ಅಮೆರಿಕ ಕಟ್ಟಲು ಹೊರಟಿದ್ದ, ಶಬ್ದದ 2.7 ಪಟ್ಟು ವೇಗದ ಪ್ರಯಾಣಿಕ ವಿಮಾನ ಅದು. 1966ರ ಕೊನೆಯ ದಿನ ಬೋಯಿಂಗ್‌ನ ವಿನ್ಯಾಸ ಆಯ್ಕೆಯಾಯಿತು. ಮರದ ಪೂರ್ಣಗಾತ್ರದ ಮಾದರಿಯೂ ತಯಾರಾಯಿತು. ಕಾದಿರಿಸಿದವರ ಪಟ್ಟಿಯಲ್ಲಿ ಏರ್ ಇಂಡಿಯಾ ಕೂಡ ಇತ್ತು. 1971ರಲ್ಲಿ ಅಮೆರಿಕದ ಸಂಸತ್ತು ಹಣ ನಿಲ್ಲಿಸಿತು, ಒಂದೂ ಹಾರಲಿಲ್ಲ. ಬೋಯಿಂಗ್ 2001ರಲ್ಲಿ ಘೋಷಿಸಿದ ಸಾನಿಕ್ ಕ್ರೂಸರ್ ಎಂಬುದೂ ಹಾಗೆಯೇ. ಮರುವರ್ಷದ ಕೊನೆಗೆ ಅದನ್ನು ಕೈಬಿಟ್ಟು, ಅದಕ್ಕಾಗಿ ಮಾಡಿದ ಕೆಲಸದ ಒಂದಷ್ಟನ್ನು ಇಂದಿನ 787ಕ್ಕೆ ಬಳಸಿದರು. ಸಿಮ್ಯುಲೇಟರ್‌ನಲ್ಲಿ ಈ ಎರಡನ್ನೂ ಸಾಂಬ್ರಾಕ್ಕೆ ತಂದು ನಿಲ್ಲಿಸಬಹುದು. ನಮಗೆ ಈ ಹವ್ಯಾಸದ ಬಗ್ಗೆ ಪ್ರೀತಿಯೇ ಇದೆ. ಮ್ಯೂಸಿಯಂನಲ್ಲೂ ಸಿಗದ ವಸ್ತುವಿನ ಸುತ್ತ ಒಮ್ಮೆ ಸುತ್ತಿಬರಲು ಇರುವ ದಾರಿ ಇದೊಂದೇ.

ಹಾರುವುದು ಏಕೆಂದರೆ, ಹಾರು ಎಂದು ಬರೆದಿದ್ದಾರೆ

ಈಗ ಮುಖ್ಯ ವಿಷಯ. ಆಕಾರ ಆಯಿತು, ಬಣ್ಣ ಆಯಿತು. ಅದು ಗಾಳಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಕಂಪ್ಯೂಟರ್‌ಗೆ ಹೇಳುವುದು ಹೇಗೆ?

ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿರುವ ಒಂದು ವಿಧಾನವನ್ನು ನೋಡಿ. ಅದರ ಹೆಸರು ಯಾಸಿಮ್. ಇದಕ್ಕೆ ರೆಕ್ಕೆಯ ಉದ್ದ, ಅಗಲ, ಜಾಗ, ಎಂಜಿನ್, ತೂಕ ಇವುಗಳನ್ನು ಕೊಡುತ್ತೀರಿ. ಜೊತೆಗೆ ಇನ್ನೆರಡು ಮಾತು ಹೇಳಬೇಕು: ಈ ವಿಮಾನ ಇಳಿಯುವಾಗ ಇಷ್ಟು ವೇಗದಲ್ಲಿರುತ್ತದೆ, ಎತ್ತರದಲ್ಲಿ ಸಾಗುವಾಗ ಇಷ್ಟು ವೇಗದಲ್ಲಿರುತ್ತದೆ. ಆಗ ಯಾಸಿಮ್ ಹಿಂದಿನಿಂದ ಲೆಕ್ಕ ಹಾಕುತ್ತದೆ. ಈ ಎಂಜಿನ್ ಇಟ್ಟುಕೊಂಡು ಆ ವೇಗ ಬರಬೇಕಾದರೆ ಗಾಳಿಯ ತಡೆ ಎಷ್ಟಿರಬೇಕು ಎಂದು ಕಂಡುಹಿಡಿದು, ಅಷ್ಟೇ ತಡೆಯನ್ನು ವಿಮಾನಕ್ಕೆ ಕೊಡುತ್ತದೆ.

ಇದರ ಅರ್ಥ ನೋಡಿ. ಪ್ರಚಾರ ಪುಸ್ತಿಕೆಯಲ್ಲಿ ಗಂಟೆಗೆ 550 ಕಿಲೋಮೀಟರ್ ಎಂದಿದ್ದರೆ ಹವ್ಯಾಸಿ 550 ಎಂದು ಬರೆಯುತ್ತಾನೆ, ಪರದೆಯ ಮೇಲೆ ವಿಮಾನ 550ರಲ್ಲಿ ಹಾರುತ್ತದೆ. 600 ಎಂದಿದ್ದರೆ 600. ತೀರಾ ಅಸಾಧ್ಯವಾದ ಸಂಖ್ಯೆ ಕೊಟ್ಟರೆ ಲೆಕ್ಕ ಕೂಡುವುದಿಲ್ಲ ಎಂದು ನಿಂತುಬಿಡುತ್ತದೆ, ಅಷ್ಟೇ. ವಿಡಿಯೊ ನೋಡಿದವರು ‘ಕಂಪನಿ ಹೇಳಿದ ವೇಗ ಸಿಮ್ಯುಲೇಟರ್‌ನಲ್ಲೂ ಬಂತು!’ ಎಂದು ಬೆರಗಾಗುತ್ತಾರೆ. ಬರದೇ ಏನು ಮಾಡೀತು? ಉತ್ತರಪತ್ರಿಕೆಯಲ್ಲಿ ಮೊದಲೇ ಉತ್ತರ ಬರೆದುಕೊಟ್ಟು ಹುಡುಗ ಪಾಸಾದ ಎಂದಂತೆ.

ಇದರಲ್ಲಿ ಯಾಸಿಮ್‌ನ ತಪ್ಪಿಲ್ಲ. ನಿಜವಾಗಿ ಹಾರುತ್ತಿರುವ ವಿಮಾನವನ್ನು ಪರದೆಗೆ ತರಲು ಇದು ಒಳ್ಳೆಯ ದಾರಿ, ಏಕೆಂದರೆ ಅಲ್ಲಿ ವೇಗವನ್ನು ಅಳೆದು ನೋಡಿರುತ್ತಾರೆ. ಕಟ್ಟದ ವಿಮಾನದ ವೇಗವನ್ನು ಅಳೆದವರು ಯಾರೂ ಇಲ್ಲ, ಆಶಿಸಿದವರು ಮಾತ್ರ ಇದ್ದಾರೆ.

ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ನ ದಾರಿ ಬೇರೆ. ಅದು ರೆಕ್ಕೆಯನ್ನು ಚಿಕ್ಕಚಿಕ್ಕ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಮೇಲೆ ಗಾಳಿ ಎಷ್ಟು ಬಲ ಹಾಕುತ್ತದೆ ಎಂದು ಸೆಕೆಂಡಿಗೆ ಹಲವು ಬಾರಿ ಲೆಕ್ಕ ಹಾಕಿ ಕೂಡಿಸುತ್ತದೆ. ವಿಮಾನ ಕಟ್ಟುವ ಸಾಧನವೂ ಅದರ ಜೊತೆಗೇ ಬರುತ್ತದೆ. ಕಾಗದದ ವಿಮಾನಗಳನ್ನು ಕಟ್ಟುವವರಿಗೆ ಇದು ಹೆಚ್ಚು ಪ್ರಾಮಾಣಿಕ, ಏಕೆಂದರೆ ಬಾಲ ಚಿಕ್ಕದಾದರೆ ವಿಮಾನ ಅಲುಗಾಡುತ್ತದೆ, ಭಾರಕೇಂದ್ರ ಹಿಂದೆ ಹೋದರೆ ಮೂತಿ ಎತ್ತಿಕೊಂಡು ಬೀಳುತ್ತದೆ. ಆಕಾರದ ತಪ್ಪು ಬಯಲಾಗುತ್ತದೆ. ಆದರೆ ಇಲ್ಲೂ ತೂಕ ಎಷ್ಟು, ಎಂಜಿನ್ ಬಲ ಎಷ್ಟು, ಭಾರಕೇಂದ್ರ ಎಲ್ಲಿ ಎಂದು ತುಂಬುವವನು ಹವ್ಯಾಸಿಯೇ. ಕಟ್ಟದ ವಿಮಾನದ ತೂಕ ಅವನಿಗೆ ಎಲ್ಲಿಂದ ಸಿಗುತ್ತದೆ? ಮತ್ತದೇ ಪುಸ್ತಿಕೆಯಿಂದ.

ತೂಕ ಎಂಬ ಈ ಒಂದು ಸಂಖ್ಯೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಹೊರದೇಶದ ಉದಾಹರಣೆ ಬೇಡ, ಬೆಂಗಳೂರಿನದೇ ಇದೆ.

ಸರಸ್ ಮತ್ತು ಒಂದು ಟನ್

ಬೆಂಗಳೂರಿನ ಎನ್‌ಎಎಲ್, ಅಂದರೆ 1959ರಲ್ಲಿ ಶುರುವಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಸರಸ್ ಎಂಬ 14 ಸೀಟಿನ ವಿಮಾನವನ್ನು ವಿನ್ಯಾಸ ಮಾಡಿತು. ಅದು ಕಾಗದದಲ್ಲಿ ಉಳಿಯಲಿಲ್ಲ; 2004ರ ಮೇ 29ರಂದು ಮೊದಲ ಬಾರಿ ಹಾರಿತು. ವಿನ್ಯಾಸದ ಪ್ರಕಾರ ಖಾಲಿ ವಿಮಾನದ ತೂಕ 4,125 ಕಿಲೋ ಆಗಬೇಕಿತ್ತು. ಕಟ್ಟಿ ತೂಗಿದಾಗ ಮೊದಲ ಮಾದರಿ 5,118 ಕಿಲೋ ಇತ್ತು.

ಸುಮಾರು ಒಂದು ಟನ್ ಹೆಚ್ಚು. ಶೇಕಡಾ ಲೆಕ್ಕದಲ್ಲಿ 24. ಹತ್ತು ಜನ ಪ್ರಯಾಣಿಕರು ತಮ್ಮ ಪೆಟ್ಟಿಗೆಗಳ ಜೊತೆ ಹತ್ತಿ ಕುಳಿತರೆ ಆಗುವಷ್ಟು ತೂಕ, ಯಾರೂ ಹತ್ತುವ ಮೊದಲೇ.

ಸರಸ್ ಕಾಗದದಲ್ಲೇ ಉಳಿದಿದ್ದರೆ, ಅದನ್ನು ಸಿಮ್ಯುಲೇಟರ್‌ಗೆ ಮಾಡುವ ಯಾವ ಹವ್ಯಾಸಿಯೂ 4,125 ಎಂದೇ ತುಂಬುತ್ತಿದ್ದ. ಪರದೆಯ ಮೇಲೆ ಅದು ಹಗುರವಾಗಿ, ಚುರುಕಾಗಿ ಏರುತ್ತಿತ್ತು. ‘ಇಂಥ ಒಳ್ಳೆಯ ವಿಮಾನವನ್ನು ಯಾಕೆ ಕಟ್ಟಲಿಲ್ಲ?’ ಎಂಬ ಫಾರ್ವರ್ಡ್ ಬರುತ್ತಿತ್ತು. ಎನ್‌ಎಎಲ್‌ನ ಎಂಜಿನಿಯರ್‌ಗಳು ದಡ್ಡರೆಂದು ನಾವು ಹೇಳುತ್ತಿಲ್ಲ. ಮೊದಲ ಮಾದರಿ ಭಾರವಾಗುವುದು ವಿಮಾನ ಜಗತ್ತಿನಲ್ಲಿ ಹೊಸದಲ್ಲ. ಕಟ್ಟುವವರೆಗೆ ಅದು ಗೊತ್ತಾಗುವುದಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ.

ಸರಸ್‌ನ ಎರಡನೇ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದಿತು. ಹಾರಾಟದಲ್ಲೇ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆಯುತ್ತಿತ್ತು. ವಾಯುಪಡೆಯ ಮೂವರು ತೀರಿಕೊಂಡರು: ಇಬ್ಬರು ಪೈಲಟ್‌ಗಳು, ಒಬ್ಬ ಪರೀಕ್ಷಾ ಎಂಜಿನಿಯರ್. ಸಿಮ್ಯುಲೇಟರ್‌ನಲ್ಲಿ ಎಂಜಿನ್ ಆರಿಸಿ ಹೊತ್ತಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ತಪ್ಪಾದರೆ ಮತ್ತೆ ರನ್‌ವೇಗೆ ಬಂದು ನಿಲ್ಲಬಹುದು. ಸುಧಾರಿಸಿದ ಸರಸ್ ಮತ್ತೆ ಹಾರಿದ್ದು 2018ರ ಜನವರಿ 24ರಂದು, ಒಂಬತ್ತು ವರ್ಷ ಆದಮೇಲೆ. ಕಟ್ಟುವುದು ಮತ್ತು ಪರದೆಯಲ್ಲಿ ಕಟ್ಟುವುದು, ಇವೆರಡರ ನಡುವಿನ ದೂರವನ್ನು ನಾವು ಈ ಒಂಬತ್ತು ವರ್ಷಗಳಲ್ಲಿ ಅಳೆಯುತ್ತೇವೆ.

ಹಾಗಾದರೆ 90 ಸೀಟಿನ ಮಾತು ಎಲ್ಲಿಂದ ಬಂತು?

ಸುಳ್ಳು ಫಾರ್ವರ್ಡ್‌ಗೆ ಸಾಮಾನ್ಯವಾಗಿ ಒಂದು ನಿಜದ ಬೇರು ಇರುತ್ತದೆ. ಇದಕ್ಕೂ ಇದೆ. ಎನ್‌ಎಎಲ್ ಬಹಳ ವರ್ಷಗಳಿಂದ ಆರ್‌ಟಿಎ ಎಂಬ ಪ್ರಾದೇಶಿಕ ಸಾರಿಗೆ ವಿಮಾನದ ಯೋಜನೆ ಇಟ್ಟುಕೊಂಡಿದೆ, 70ರಿಂದ 90 ಸೀಟಿನದು. 2010ರಲ್ಲಿ ಇಸ್ರೋದ ಮಾಜಿ ಅಧ್ಯಕ್ಷ ಜಿ. ಮಾಧವನ್ ನಾಯರ್ ನೇತೃತ್ವದಲ್ಲಿ ಇದಕ್ಕೊಂದು ಸಮಿತಿಯೂ ಆಯಿತು. ಚಿಕ್ಕ ರನ್‌ವೇ, ಕಡಿಮೆ ಸೌಕರ್ಯದ ನಿಲ್ದಾಣಗಳಿಗೆ ಒಗ್ಗುವ ವಿಮಾನ ಎಂಬುದು ಅದರ ಆಲೋಚನೆ. ಸಾಂಬ್ರಾದಂಥ ಊರುಗಳಿಗೇ ಹೇಳಿ ಮಾಡಿಸಿದಂತಿದೆ ಎಂದು ನಮಗೂ ಅನ್ನಿಸುತ್ತದೆ. ಈಗ ಅಲ್ಲಿಗೆ ಬಂದುಹೋಗುವ ಎಟಿಆರ್-72 ಕೂಡ ಹೆಚ್ಚುಕಡಿಮೆ ಅದೇ ಗಾತ್ರದ್ದು, ಆದರೆ ಫ್ರಾನ್ಸ್‌ನಲ್ಲಿ ಜೋಡಣೆಯಾಗುವುದು. ಆರ್‌ಟಿಎ ಮಾತ್ರ ಇನ್ನೂ ಚಿತ್ರ ಮತ್ತು ವರದಿಗಳಲ್ಲೇ ಇದೆ.

ಇನ್ನೊಂದು ಬೇರು 2025ರ ಅಕ್ಟೋಬರ್‌ನ ಸುದ್ದಿ. ಎಸ್‌ಜೆ-100 ಎಂಬ ಪ್ರಯಾಣಿಕ ವಿಮಾನವನ್ನು ಭಾರತದಲ್ಲಿ ತಯಾರಿಸಲು ಎಚ್‌ಎಎಲ್ ರಷ್ಯಾದ ಕಂಪನಿಯೊಂದರ ಜೊತೆ ಒಡಂಬಡಿಕೆ ಮಾಡಿಕೊಂಡಿತು. ಅದು ರಷ್ಯಾದ ವಿನ್ಯಾಸ, ಭಾರತದ್ದಲ್ಲ. ಎಚ್‌ಎಎಲ್ ಇದಕ್ಕೆ ಮೊದಲು ಪೂರ್ಣ ಪ್ರಯಾಣಿಕ ವಿಮಾನ ತಯಾರಿಸಿದ್ದು ಆವ್ರೊ. 1961ರಲ್ಲಿ ಕಾನ್ಪುರದಲ್ಲಿ ಶುರುವಾಗಿ 1988ರಲ್ಲಿ ಮುಗಿಯಿತು. ಅದೂ ಬ್ರಿಟನ್ನಿನ ವಿನ್ಯಾಸ.

ಮೂರನೆಯದು ಬೆಳಗಾವಿಯದೇ. ‘ಬೆಳಗಾವಿಯಲ್ಲಿ ವಿಮಾನ ತಯಾರಾಗುತ್ತಿದೆ’ ಎಂಬ ಮಾತು ಅರ್ಧ ನಿಜ. ಪುಣೆ ಹೆದ್ದಾರಿಯಲ್ಲಿ ಹತ್ತರಗಿ ಬಳಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಹೋಗುವ ಬಿಡಿಭಾಗಗಳು ಅಲ್ಲಿ ತಯಾರಾಗುತ್ತವೆ. ಬಿಡಿಭಾಗ, ವಿಮಾನವಲ್ಲ. ಆದರೆ ಇದನ್ನು ಕಡಿಮೆಯೆಂದು ತಿಳಿಯಬೇಡಿ. ವಿಮಾನದ ಒಂದು ಚಿಕ್ಕ ಲೋಹದ ತುಂಡಿಗೂ ಅದು ಯಾವ ಲಾಟಿನ ಲೋಹ, ಎಷ್ಟು ಕಾಯಿಸಿದರು, ಯಾರು ಅಳೆದರು ಎಂಬ ದಾಖಲೆ ಜೊತೆಗೇ ಹೋಗಬೇಕು. ಪರದೆಯ ಇಡೀ ವಿಮಾನಕ್ಕಿಂತ ಆ ಒಂದು ತುಂಡು ಹೆಚ್ಚು ನಿಜ.

ಈ ಮೂರು ನಿಜಗಳನ್ನು ಕಲಸಿ, ಮೇಲೆ ಸಿಮ್ಯುಲೇಟರ್ ವಿಡಿಯೊ ಅಂಟಿಸಿದರೆ ಫಾರ್ವರ್ಡ್ ಸಿದ್ಧ. ನಷ್ಟವೇನು ಎಂದು ಕೇಳುವವರಿದ್ದಾರೆ. ಹೊಸ ವಿಮಾನ ಕಾರ್ಖಾನೆ, ಹೊಸ ವಿಮಾನ ಕಂಪನಿ ಎಂಬ ಸುದ್ದಿಯ ಬೆನ್ನಿಗೇ ‘ನೇಮಕಾತಿ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂಬ ಇನ್ನೊಂದು ಸಂದೇಶ ಬರಬಹುದು. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗನ ಮನೆಯವರಿಗೆ ಮೊದಲ ವಿಡಿಯೊವೇ ಎರಡನೆಯದಕ್ಕೆ ಸಾಕ್ಷಿಯಾಗುತ್ತದೆ. ಹಣ ಕೇಳುವ ನೇಮಕಾತಿ ಯಾವುದೇ ಇರಲಿ, ಕಟ್ಟಬೇಡಿ. ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಸಿಮ್ಯುಲೇಟರ್ ಸರಿಯಾಗಿ ಹೇಳುವುದು

ಹಾಗೆಂದು ಸಿಮ್ಯುಲೇಟರ್ ಎಂದರೆ ಬರೀ ಆಟ ಎಂದು ತಳ್ಳಿಹಾಕುವುದೂ ತಪ್ಪು. ನಿಜವಾದ ವಿಮಾನಗಳನ್ನು ಮಾಡುವವರೂ ಮೊದಲು ಸಿಮ್ಯುಲೇಟರ್‌ನಲ್ಲೇ ಹಾರಿಸುತ್ತಾರೆ. ತೇಜಸ್ ಯುದ್ಧವಿಮಾನದ ಪೈಲಟ್‌ಗಳು 2001ರ ಮೊದಲ ಹಾರಾಟಕ್ಕೆ ಮುಂಚೆ ಬೆಂಗಳೂರಿನಲ್ಲಿ ಅದನ್ನೇ ಮಾಡಿದ್ದರು. ಆದರೆ ಅಂಥ ಸಿಮ್ಯುಲೇಟರ್‌ಗೆ ತುಂಬುವ ಸಂಖ್ಯೆಗಳು ಗಾಳಿ ಸುರಂಗದಲ್ಲಿ ಮಾದರಿ ಇಟ್ಟು ಅಳೆದವು. ಪುಸ್ತಿಕೆಯವಲ್ಲ.

ಮನೆಯ ಸಿಮ್ಯುಲೇಟರ್ ಕೂಡ ಗಾಳಿಯ ವಿಷಯದಲ್ಲಿ ಚೆನ್ನಾಗಿ ಪಾಠ ಹೇಳುತ್ತದೆ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ, ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 15ರಷ್ಟು ತೆಳು. ಅಷ್ಟೇ ತೂಕವನ್ನು ಎತ್ತಲು ವಿಮಾನ ಸುಮಾರು ಶೇ. 8ರಷ್ಟು ಹೆಚ್ಚು ವೇಗದಲ್ಲಿ ಓಡಬೇಕು. ತೆಳು ಗಾಳಿಯಲ್ಲಿ ಎಂಜಿನ್ನೂ ಸೊರಗುತ್ತದೆ. ಎರಡೂ ಸೇರಿ ರನ್‌ವೇಯ ಓಟ ಶೇ. 20ಕ್ಕಿಂತ ಹೆಚ್ಚು ಉದ್ದವಾಗಬಹುದು. 2,300 ಮೀಟರಿನ ರನ್‌ವೇಯಲ್ಲಿ ಎಟಿಆರ್‌ಗೆ ಇದು ಚಿಂತೆಯಲ್ಲ, ತುಂಬಿದ ದೊಡ್ಡ ವಿಮಾನಕ್ಕೆ ಚಿಂತೆಯೇ. ಹವಾಮಾನ ಸರಿಯಾಗಿ ಹೊಂದಿಸಿದರೆ ಸಿಮ್ಯುಲೇಟರ್ ಇದನ್ನೆಲ್ಲ ತೋರಿಸುತ್ತದೆ.

ಅದು ಕೇಳದೇ ಇರುವ ಪ್ರಶ್ನೆಗಳೇ ಬೇರೆ. 2006ರ ಸುಮಾರಿನಿಂದ ಇಮೇಲ್‌ನಲ್ಲಿ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುವ ‘1000 ಜನರ ಬೋಯಿಂಗ್ 797’ ನಿಮಗೆ ನೆನಪಿರಬಹುದು: ಬಾವಲಿಯಂತೆ ಅಗಲಕ್ಕೆ ಹರಡಿದ, ಮೈ ಮತ್ತು ರೆಕ್ಕೆ ಒಂದೇ ಆದ ವಿಮಾನ. ಅಂಥದ್ದನ್ನು ತಯಾರಿಸುತ್ತಿಲ್ಲವೆಂದು ಬೋಯಿಂಗ್ ಆಗಲೇ ಹೇಳಿತ್ತು. ಚಿತ್ರ ಕಲ್ಪನೆಯದು. ನಾಸಾ ಮತ್ತು ಬೋಯಿಂಗ್ ಆ ಆಕಾರದ ಚಿಕ್ಕ ಪೈಲಟ್ ರಹಿತ ಮಾದರಿಯೊಂದನ್ನು 2007ರಲ್ಲಿ ಹಾರಿಸಿದ್ದು ನಿಜ, ಹವ್ಯಾಸಿಗಳು ಅದೇ ಆಕಾರವನ್ನು ಸಿಮ್ಯುಲೇಟರ್‌ಗೆ ತಂದದ್ದೂ ನಿಜ. ಪರದೆಯಲ್ಲಿ ಸೊಗಸಾಗಿ ಹಾರುತ್ತದೆ. ಆದರೆ ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಚಪ್ಪಟೆ ಮೈ ತಡೆಯಬೇಕಲ್ಲ? ದುಂಡು ಸೋಡಾ ಬಾಟಲಿ ಒತ್ತಡ ತಡೆಯುತ್ತದೆ, ಚಿಪ್ಸ್ ಪೊಟ್ಟಣ ಘಾಟಿ ಹತ್ತುವಾಗ ಉಬ್ಬುತ್ತದೆ. ಚಪ್ಪಟೆ ಮೈಗೆ ಆ ಬಲ ಕೊಡಲು ಹೋದರೆ ತೂಕ ಏರುತ್ತದೆ, ಮತ್ತೆ ಸರಸ್‌ನ ಕಥೆ.

ಇನ್ನೊಂದು ಪ್ರಶ್ನೆ ಪ್ರಯಾಣಿಕರದು. ಅರ್ಧ ಬಾಗಿಲು ಮುಚ್ಚಿದ್ದರೂ ಎಲ್ಲರೂ 90 ಸೆಕೆಂಡಿನಲ್ಲಿ ಹೊರಬರಬೇಕು ಎಂಬುದು ನಿಯಮ. ಏರ್‌ಬಸ್ ಎ380 ಇದನ್ನು 2006ರ ಮಾರ್ಚ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಿಜವಾದ ಜನರನ್ನು ಕೂರಿಸಿ, ಕತ್ತಲೆ ಮಾಡಿ ತೋರಿಸಿತು: 873 ಜನ, 78 ಸೆಕೆಂಡು. ಅಗಲದ ವಿಮಾನದ ನಟ್ಟನಡುವೆ, ಕಿಟಕಿಯಿಂದ ಎಷ್ಟೋ ಸೀಟುಗಳಾಚೆ ಕುಳಿತ ಅಜ್ಜಿ ಬಾಗಿಲಿಗೆ ಹೇಗೆ ಬರುತ್ತಾಳೆ? ಸಿಮ್ಯುಲೇಟರ್‌ನ ವಿಮಾನದಲ್ಲಿ ಅಜ್ಜಿಯೇ ಇಲ್ಲ.

ವಿಡಿಯೊ ಬಂದಾಗ ನೋಡಬೇಕಾದದ್ದು

ಮೊದಲು ವಿಮಾನದ ಮೇಲಿನ ನೋಂದಣಿ ಅಕ್ಷರ ಹುಡುಕಿ. ಭಾರತದ ನಾಗರಿಕ ವಿಮಾನಗಳಿಗೆಲ್ಲ ‘ವಿಟಿ’ಯಿಂದ ಶುರುವಾಗುವ ಗುರುತು ಇರಲೇಬೇಕು, ಪರೀಕ್ಷೆಯ ವಿಮಾನಕ್ಕೂ. ಸರಸ್ ಮಾದರಿಗಳಿಗೂ ಇತ್ತು. ಅಕ್ಷರ ಇಲ್ಲದಿದ್ದರೆ ಅಥವಾ ಮಸುಕಾಗಿದ್ದರೆ ಅನುಮಾನಿಸಿ.

ಕ್ಯಾಮೆರಾ ಎಲ್ಲಿದೆ ಎಂದು ಯೋಚಿಸಿ. ಹಾರುತ್ತಿರುವ ವಿಮಾನದ ಸುತ್ತ ನೊಣದಂತೆ ಗಿರಕಿ ಹೊಡೆಯುವ ದೃಶ್ಯವನ್ನು ತೆಗೆಯುವವರು ಯಾರು? ಸಿಮ್ಯುಲೇಟರ್‌ನಲ್ಲಿ ಅದು ಒಂದು ಗುಂಡಿ. ನೆಲದ ಮೇಲೆ ಜನ ಇದ್ದಾರೆಯೇ ನೋಡಿ. ಭಾರತದಲ್ಲಿ ಹೊಸ ವಿಮಾನವೊಂದು ಮೊದಲ ಬಾರಿ ಹಾರಿದರೆ ಬೇಲಿಯ ಪಕ್ಕದಲ್ಲಿ ಫೋನ್ ಎತ್ತಿಕೊಂಡು ನಿಂತವರು ಇಲ್ಲದೇ ಇರುತ್ತಾರೆಯೇ? ಸಾಂಬ್ರಾದಲ್ಲಿ ವಾಯುಪಡೆಯ ಕೇಂದ್ರವೂ ಇದೆ. ಅಲ್ಲಿ ಗುಟ್ಟಾಗಿ 90 ಸೀಟಿನ ವಿಮಾನ ಎದ್ದು ಬೆಳಗಾವಿಯ ಯಾರೂ ಕಾಣಲಿಲ್ಲ ಎಂಬುದನ್ನು ನಂಬುವುದು ಕಷ್ಟ.

ವಿಡಿಯೊದ ಒಂದು ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಮೂಲ ವಿಡಿಯೊ ಸಿಕ್ಕರೆ ಅದರ ವಿವರಣೆ ಓದಿ; ‘ಸಿಮ್ಯುಲೇಟರ್’ ಎಂಬ ಮಾತು ಬಹಳ ಸಲ ಅಲ್ಲೇ ಇರುತ್ತದೆ.

ಇದೆಲ್ಲ ಓದಿಲ್ಲದವರಿಗೆ ಮಾತ್ರ ಎಂದು ತಿಳಿಯಬೇಡಿ. 2019ರಲ್ಲಿ ಪಾಕಿಸ್ತಾನದ ಒಬ್ಬ ರಾಜಕಾರಣಿ, ಟ್ಯಾಂಕರ್ ಲಾರಿಗೆ ಗುದ್ದುವುದನ್ನು ಕೂದಲೆಳೆಯಲ್ಲಿ ತಪ್ಪಿಸಿದ ಪೈಲಟ್‌ನನ್ನು ಹೊಗಳಿ ವಿಡಿಯೊ ಹಾಕಿದ್ದರು. ಅದು ಒಂದು ವಿಡಿಯೊ ಗೇಮಿನ ದೃಶ್ಯ. 2021ರಲ್ಲಿ ನಮ್ಮ ದೇಶದ ಕೆಲವು ಟಿವಿ ಚಾನೆಲ್‌ಗಳು ಅಫ್ಘಾನಿಸ್ತಾನದ ಪಂಜ್‌ಶೀರ್ ಕಣಿವೆಯ ಮೇಲೆ ವಿಮಾನ ದಾಳಿ ಎಂದು ತೋರಿಸಿದ್ದೂ ಒಂದು ಗೇಮನ್ನೇ. 2025ರ ಜೂನ್‌ನಲ್ಲಿ ಅಹಮದಾಬಾದ್ ವಿಮಾನ ದುರಂತವಾದಾಗ ಕಂಪ್ಯೂಟರ್ ಸೃಷ್ಟಿಸಿದ ಮತ್ತು ಹಳೆಯ ದೃಶ್ಯಗಳು ಗಂಟೆಗಳೊಳಗೆ ಹರಿದಾಡಿದವು. ಆ ಹೊತ್ತಿನಲ್ಲಿ ನಿಜ ಸುದ್ದಿಗಾಗಿ ಫೋನ್ ಹಿಡಿದು ಕುಳಿತಿದ್ದ ಕುಟುಂಬಗಳಿದ್ದವು.

ಮಾಡಿ ನೋಡಬೇಕೆನ್ನುವವರಿಗೆ

ಮನೆಯಲ್ಲಿ ಕಂಪ್ಯೂಟರ್ ಇದ್ದು ಮಕ್ಕಳಿಗೆ ಆಸಕ್ತಿಯಿದ್ದರೆ, ಫ್ಲೈಟ್‌ಗಿಯರ್ ಉಚಿತವಾಗಿ ಇಳಿಸಿಕೊಳ್ಳಬಹುದು. ಸಾಂಬ್ರಾದ ರನ್‌ವೇಯಲ್ಲಿ ಎರಡು ಎಂಜಿನ್ನಿನ ಯಾವುದಾದರೂ ಚಿಕ್ಕ ವಿಮಾನ ನಿಲ್ಲಿಸಿ. ಹವಾಮಾನವನ್ನು 35 ಡಿಗ್ರಿಗೆ ಇಡಿ. ಒಮ್ಮೆ ಹಗುರವಾಗಿ ಪಶ್ಚಿಮಕ್ಕೆ ಎದ್ದು, ನಗರ ದಾಟಿ, ಎಡಕ್ಕೆ ತಿರುಗಿ ಖಾನಾಪುರದವರೆಗೆ ಹೋಗಿ ಬನ್ನಿ. ಎಷ್ಟು ಮೀಟರ್ ಓಡಿ ಎದ್ದಿತು, ಎಷ್ಟು ನಿಮಿಷದಲ್ಲಿ ಎಷ್ಟು ಎತ್ತರ ಏರಿತು ಎಂದು ಬರೆದಿಡಿ. ಆಮೇಲೆ ಇಂಧನ ಮತ್ತು ಸರಕಿನ ಮೆನು ತೆರೆದು ವಿಮಾನದ ಖಾಲಿ ತೂಕದ ಶೇ. 24ರಷ್ಟು ಸರಕು ಸೇರಿಸಿ, ಅದೇ ದಾರಿಯಲ್ಲಿ ಮತ್ತೆ ಹೋಗಿ ಬಂದು ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಡಿಯೊ ಮಾಡಿ ಹಂಚುವುದಾದರೆ, ‘ಇದು ಸಿಮ್ಯುಲೇಟರ್’ ಎಂಬುದನ್ನು ವಿವರಣೆಯಲ್ಲಿ ಬರೆಯಬೇಡಿ, ಚಿತ್ರದ ಮೇಲೆಯೇ, ನಟ್ಟನಡುವೆ ಬರೆಯಿರಿ. ಅಂಚಿನಲ್ಲಿದ್ದರೆ ಕತ್ತರಿಸುತ್ತಾರೆ.